ಹನ್ನೆರಡನೇ ಮನೆಯ ಬುಧ

ಜೂನ್ 3

ಮೇಲಿನ ಕೋಣೆಯ ಮಗಳಿಗೆ,

ಕೆಳಗಿನ ಅಂಗಡಿಯಿಂದ ಅಮ್ಮ ಬರೆಯುವುದು. ಒಂದೇ ಸೂರಿನಡಿ ಇದ್ದುಕೊಂಡು ತಾಯಿ ಮಗಳು ಕಾಗದ ಬರೆದುಕೊಳ್ಳುತ್ತಾರೆಂದರೆ ಕೇಳಿದವರು ನಗುತ್ತಾರೆ. ನಗಲಿ. ನಗುವವರ ಮನೆಗಳಲ್ಲಿ ಬಾಯಿಂದಲೇ ಆದ ರಂಪಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನೀನು ಹತ್ತು ವರ್ಷದವಳಾಗಿದ್ದಾಗಿನಿಂದ ನಮ್ಮಲ್ಲಿ ಇದೇ ಕಟ್ಟಳೆ. ಊಟಕ್ಕೆ ಬಾ, ಬಾಗಿಲು ಹಾಕು ಎಂಬುದಕ್ಕೆ ಬಾಯಿ. ತೂಕದ ಮಾತೇನಿದ್ದರೂ ಕಾಗದ. ಮೆಟ್ಟಿಲ ತಿರುವಿನ ಗೂಡಿನಲ್ಲಿ ನೀನು ಇಡಬೇಕು, ನಾನು ಓದಿ ಅಲ್ಲೇ ಉತ್ತರ ಇಡಬೇಕು.

ಆ ಕಟ್ಟಳೆಯನ್ನು ನೀನು ನಿನ್ನೆ ಮುರಿದೆ. ಅದೂ ಗಿರಾಕಿಯ ಎದುರಿಗೆ.

ಬಟ್ಟೆ ಅಂಗಡಿಯ ಯಜಮಾನರು ಬಟ್ಟೆ ಹಾಕಿ ನೋಡುವ ಕೋಣೆಗಳಿಗೆ ಆಳೆತ್ತರದ ಕನ್ನಡಿ ಬೇಕೆಂದು ಬಂದಿದ್ದರು. ಗೋಡೆಗೆ ಒರಗಿಸಿದ್ದ ಹೊಸ ಕನ್ನಡಿಯ ಮುಂದೆ ನಿಂತು ಮೀಸೆ ತೀಡಿಕೊಳ್ಳುತ್ತಿದ್ದರು. 'ಈ ಕನ್ನಡಿ ಮುಂದೆ ಯಾರು ನಿಂತ್ರೂ ಚೆಂದಾನೇ ಯಜಮಾನ್ರೇ' ಎಂದೆ. ವ್ಯಾಪಾರ ಮುಕ್ಕಾಲು ಮುಗಿದಿತ್ತು. ಆಗ ಹಿಂದಿನ ಮೇಜಿನಿಂದ ನಿನ್ನ ದನಿ: 'ಆ ಗಾಜು ಅಲೆ ಅಲೆ ಇದೆ. ಮೂಗು ಸೊಟ್ಟ ಕಾಣುತ್ತೆ.'

ಆ ಮನುಷ್ಯ ನಿನ್ನನ್ನು ನೋಡಿದರು, ಕನ್ನಡಿ ನೋಡಿದರು, ಮೂಗು ಮುಟ್ಟಿ ನೋಡಿಕೊಂಡರು. 'ಅಮ್ಮಾ, ಸೊಟ್ಟ ಗಾಜಿಂದೋ ನಂದೋ?' ಎಂದು ನನ್ನನ್ನೇ ಕೇಳಿದರು. ಗಾಜಿನದು ಎಂದರೆ ನನ್ನ ಮಾಲು ಕೆಟ್ಟದ್ದು, ನಿಮ್ಮದು ಎಂದರೆ ಗಿರಾಕಿ ಕೆಟ್ಟ. 'ಯೋಚನೆ ಮಾಡಿ ಹೇಳ್ತೀನಿ' ಎಂದು ಹೊರಟವರು ನೇರವಾಗಿ ಎದುರು ಸಾಲಿನ ಅಂಗಡಿಗೆ ಹೋಗಿ ಯೋಚನೆ ಮಾಡಿದರು.

ನಿನ್ನ ಜಾತಕವನ್ನು ಇನ್ನೊಮ್ಮೆ ನೆನಪಿಸುತ್ತೇನೆ. ಬುದ್ಧಿಗೂ ಮಾತಿಗೂ ಒಡೆಯ ಬುಧ. ನಿನ್ನ ಬುಧ ಕೂತಿರುವುದು ಹನ್ನೆರಡನೇ ಮನೆಯಲ್ಲಿ. ಅದು ವ್ಯಯದ ಮನೆ. ಸಾಲದ್ದಕ್ಕೆ ಸೂರ್ಯನಿಗೆ ಅಂಟಿಕೊಂಡು ಅಸ್ತನಾಗಿದ್ದಾನೆ. ಯೋಚನೆಯೆಲ್ಲ ಒಳಗೇ ಉರಿಯುತ್ತದೆ. ಮಾತಾಗಿ ಹೊರಗೆ ಬಂದರೆ ಯಾರಿಗಾದರೂ ನಷ್ಟ. ಇದು ಜೋಯಿಸರು ಬರೆದುಕೊಟ್ಟದ್ದು, ನಾನು ಹುಟ್ಟಿಸಿದ್ದಲ್ಲ. ಚಿಕ್ಕಂದಿನಲ್ಲಿ ನಮ್ಮ ಪಾಲುದಾರರ ಮುಂದೆ ನಿಂತು 'ಅಪ್ಪ ನಿಮ್ಮನ್ನ ಕಳ್ಳ ಅಂತಾರೆ' ಎಂದೆಯಲ್ಲ, ಅವತ್ತೇ ಅದು ನಿಜವಾಯಿತು. ಅಂಗಡಿ ಎರಡು ಭಾಗವಾಯಿತು. ಎದೆ ಹಿಡಿದುಕೊಂಡು ಕೂತ ನಿನ್ನ ಅಪ್ಪ ಮತ್ತೆ ಎದ್ದು ಓಡಾಡಲಿಲ್ಲ. ನಿನ್ನನ್ನು ದೂರುತ್ತಿಲ್ಲ. ಅದು ಗ್ರಹದ ಕೆಲಸ. ಗ್ರಹಕ್ಕೆ ಬಾಗಿಲು ಹಾಕಿಡುವುದು ಮನೆಯವರ ಕೆಲಸ.

ಇನ್ನು ಮೇಲೆ ಗಿರಾಕಿ ಇದ್ದಾಗ ಹಿಂದಿನ ಮೇಜಿನಿಂದ ಗಾಜು ಕತ್ತರಿಸುವ ಸದ್ದು ಮಾತ್ರ ಬರಬೇಕು.

ಅಮ್ಮ


ಜೂನ್ 5

ಅಮ್ಮನಿಗೆ,

ತಪ್ಪಾಯಿತು ಎಂದು ಬರೆಯಲು ಕೂತೆ. ಆದರೆ ಆ ಕನ್ನಡಿ ಈಗಲೂ ಅಲೆ ಅಲೆಯೇ ಇದೆ. ಪಾಲುದಾರರೂ ಕಳ್ಳರೇ ಆಗಿದ್ದರು. ಅದನ್ನು ನೀವೂ ಎಷ್ಟೋ ಸಲ ಹೇಳಿದ್ದೀರಿ. ನಾನು ಹೇಳಿದರೆ ಗ್ರಹ, ನೀವು ಹೇಳಿದರೆ ಲೋಕಾನುಭವ.

ಕೋಪ ಮಾಡಿಕೊಳ್ಳಬೇಡಿ. ಬೇರೊಂದು ವಿಷಯ ಬರೆಯಬೇಕಿತ್ತು. ಹೋದ ತಿಂಗಳು ನೀವು ಚಿಕ್ಕಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾಗ ಕೈಕಸುಬಿನ ಶಾಲೆಯ ಹೆಡ್ ಮೇಡಂ ಬಂದಿದ್ದರು. ಒಡೆದ ಕಿಟಕಿಗಳಿಗೆ ಗಾಜು ಬೇಕಿತ್ತು. ನಾನು ಕತ್ತರಿಸುವುದನ್ನು ನೋಡುತ್ತಾ ನಿಂತವರು 'ನಂಗೂ ಒಂದ್ಸಲ ಕೊಡಿ ನೋಡೋಣ' ಎಂದರು. ಕಟರನ್ನು ಹಿಡಿಯುವುದು ಹೇಗೆ, ಎಷ್ಟು ಒತ್ತಬೇಕು, ಗೆರೆ ಎಳೆದ ಮೇಲೆ ಭಯಪಡದೆ ಎರಡು ಕೈಯಲ್ಲಿ ಹಿಡಿದು ಮುರಿಯುವುದು ಹೇಗೆ ಎಂದು ಹೇಳಿಕೊಟ್ಟೆ. ನೀವು ಬರುವವರೆಗೂ ಮಾತಾಡುತ್ತಲೇ ಇದ್ದೆ. ಏನೂ ಒಡೆಯಲಿಲ್ಲ.

ಅವರ ಊರು ಬಸ್ಸಿನಲ್ಲಿ ಅರ್ಧ ದಿನದ ದಾರಿ. ಅಲ್ಲಿ ಗಾಜಿನ ಕೆಲಸ ಕಲಿಸಲು ಒಬ್ಬರು ಬೇಕಂತೆ. 'ನೀವೇ ಬನ್ನಿ' ಎಂದರು. ಇರಲು ಕೋಣೆ ಕೊಡುತ್ತಾರೆ. ನಿಮ್ಮನ್ನು ಕೇಳಿ ಹೇಳುತ್ತೇನೆ ಎಂದಿದ್ದೇನೆ.

ಕೇಳುತ್ತಿದ್ದೇನೆ.

ನಿಮ್ಮ ಮಗಳು


ಜೂನ್ 6

ಮಗಳಿಗೆ,

ಇಲ್ಲ.

ಒಂದೇ ಪದದಲ್ಲಿ ಬರೆದು ಬಿಟ್ಟಿದ್ದರೆ ನೀನು ಅಹಂಕಾರ ಎನ್ನುತ್ತಿದ್ದೆ, ಅದಕ್ಕೆ ಕಾರಣವನ್ನೂ ಬರೆಯುತ್ತೇನೆ. ನಾನು ಹೈಸ್ಕೂಲು ಮುಗಿಸಿದವಳು, ಕಾರಣವಿಲ್ಲದೆ ಮಾತಾಡುವವಳಲ್ಲ.

ಕೈಯಲ್ಲಿ ಕೆಲಸ ಇರುವುದು ಬೇರೆ, ಕಲಿಸುವುದು ಬೇರೆ. ಕಲಿಸುವವರಿಗೆ ಬೆಳಗಿಂದ ಸಂಜೆವರೆಗೆ ಬಾಯಿಯೇ ಬಂಡವಾಳ. ನನ್ನ ಬುಧ ಕನ್ಯೆಯಲ್ಲಿ, ಲಗ್ನದಲ್ಲೇ ಉಚ್ಚನಾಗಿ ಕೂತಿದ್ದಾನೆ. ಹಾಗಾಗಿ ನಿನ್ನ ಅಪ್ಪ ಹೋದ ಮೇಲೆ ಈ ಅಂಗಡಿ ನನ್ನ ನಾಲಿಗೆಯ ಮೇಲೆ ನಿಂತಿತು. ಸಾಲ ಕೇಳಲು ಬಂದವನು ಕನ್ನಡಿ ಕೊಂಡುಕೊಂಡು ಹೋಗಿದ್ದಾನೆ. ಅದು ನನ್ನ ದೊಡ್ಡಸ್ತಿಕೆ ಅಲ್ಲ, ಗ್ರಹದ್ದು. ಹಾಗೆಯೇ ನಿನ್ನ ಮೌನವೂ ನಿನ್ನ ತಪ್ಪಲ್ಲ.

ಒಂದು ದಿನ ನಾನಿಲ್ಲದಾಗ ಏನೂ ಒಡೆಯಲಿಲ್ಲ ಎನ್ನುತ್ತೀಯೆ. ಗಾಜು ಬಿರುಕು ಬಿಟ್ಟ ದಿನವೇ ಒಡೆಯುತ್ತದೆಂದು ನಿನಗೆ ಯಾರು ಹೇಳಿದರು? ಅಲ್ಲಿ ಆಡಬಾರದ್ದೊಂದು ಆಡಿಬಿಟ್ಟರೆ ಪಕ್ಕದಲ್ಲಿ ನಿಂತು ಸರಿಮಾಡಲು ಯಾರಿದ್ದಾರೆ?

ನಿನ್ನ ಚಿಕ್ಕಮ್ಮ ಇವತ್ತು ಬೆಳಿಗ್ಗೆ ಕಾಫಿಗೆ ಬಂದವಳು ವಿಷಯ ಕೇಳಿ, 'ಅಕ್ಕಾ, ಅವ್ಳಿಗೆ ಹೋಗೋಕೆ ಬಿಡು. ನೀನು ಇಬ್ರ ಮಾತೂ ಒಬ್ಳೇ ಆಡಿ ಆಡಿ ಗಂಟಲು ಕೆಡಿಸ್ಕೋತಿದ್ದೀಯ' ಎಂದಳು. ಅವಳಿಗೆ ಎಲ್ಲವೂ ತಮಾಷೆ. ಅವಳ ಮಾತಿಗೆ ಬೆಲೆ ಕೊಡಬೇಡ. ಅವಳ ಬುಧ ವಕ್ರ.

ಹೆಡ್ ಮೇಡಂಗೆ ನಾನೇ ಫೋನ್ ಮಾಡಿ ಇಲ್ಲ ಎಂದು ಹೇಳುತ್ತೇನೆ. ನಿನಗೆ ಆ ಕಷ್ಟ ಬೇಡ.

ಅಮ್ಮ


ಜೂನ್ 20

ಅಮ್ಮನಿಗೆ,

ಹೆಡ್ ಮೇಡಂಗೆ ಇನ್ನೂ ಫೋನ್ ಮಾಡಿಲ್ಲವಾದರೆ ಮಾಡಬೇಡಿ. ಇಷ್ಟು ಬರೆಯಲು ಎರಡು ವಾರ ಹಿಡಿಯಿತು.

ನಮ್ಮ ಅಂಗಡಿಯಲ್ಲಿ ಹೇಗೆ ನಡೆಯಬೇಕೆಂದು ನನಗೆ ಕಲಿಸಿದವರು ನೀವು. ಎರಡೂ ಕಡೆ ಗಾಜಿನ ಹಾಳೆಗಳು ಒರಗಿವೆ, ನಡುವೆ ಒಬ್ಬರು ಅಡ್ಡಲಾಗಿ ಹೋಗುವಷ್ಟೇ ಜಾಗ. ಮೊಣಕೈ ಒಳಗೆ, ಸೆರಗು ಸೊಂಟಕ್ಕೆ, ತಿರುಗುವ ಮುಂಚೆ ಹಿಂದೆ ನೋಡು. ಮೊನ್ನೆ ಮಾರುಕಟ್ಟೆಯಲ್ಲಿ ಅಗಲವಾದ ರಸ್ತೆಯ ನಡುವೆ ನಾನು ಮೊಣಕೈ ಒಳಗಿಟ್ಟುಕೊಂಡು ಅಡ್ಡಡ್ಡ ನಡೆಯುತ್ತಿದ್ದೆ. ಚಿಕ್ಕಮ್ಮ ನೋಡಿ, 'ಏನೇ, ರಸ್ತೇನೂ ಒಡೆದುಹೋಗುತ್ತಾ?' ಎಂದು ನಕ್ಕರು. ನನಗೂ ನಗು ಬಂತು. ಆದರೆ ಕೈ ಬಿಡಲು ಆಗಲಿಲ್ಲ.

ಮಾತೂ ಹಾಗೆಯೇ ಆಗಿದೆ. ಬಾಯಿಯ ತನಕ ಬರುತ್ತದೆ, ಸುತ್ತ ಏನಿದೆ ಎಂದು ನೋಡುತ್ತದೆ, ಮತ್ತೆ ಒಳಗೆ ಹೋಗುತ್ತದೆ. ನೀವು ಅದಕ್ಕೆ ಬುಧ ಎನ್ನುತ್ತೀರಿ. ಇರಬಹುದು. ಅಪ್ಪನ ಸಾವಿನ ವಿಷಯದಲ್ಲೂ ಇರಬಹುದು ಎಂದೇ ನಾನು ಇಷ್ಟು ವರ್ಷ ಸುಮ್ಮನಿದ್ದೆ.

ಆದರೆ ನಿಮ್ಮ ಪೆಟ್ಟಿಗೆಯಲ್ಲಿರುವ ಜ್ಯೋತಿಷದ ಪುಸ್ತಕವನ್ನೇ ನಾನೂ ಓದಿದೆ. ಹನ್ನೆರಡನೇ ಮನೆ ನಷ್ಟದ ಮನೆ ಮಾತ್ರ ಅಲ್ಲವಂತೆ, ದೂರದ ಊರಿನದೂ ಹೌದಂತೆ. ಹಾಗಿದ್ದರೆ ನನ್ನ ಬುಧ ಮನೆಯಿಂದ ದೂರ ಇದ್ದಾಗ ಮಾತಾಡುತ್ತಾನೇನೋ. ಒಮ್ಮೆ ಕೇಳಿ ನೋಡಿ.

ನಿಮ್ಮ ಮಗಳು


ಜುಲೈ 2

ಮಗಳಿಗೆ,

ಅರ್ಧ ಓದಿದವರ ಜ್ಯೋತಿಷ ಅರ್ಧ ಕತ್ತರಿಸಿದ ಗಾಜಿನ ಹಾಗೆ. ಆದರೂ ನಾಳೆ ನೀನು 'ಅಮ್ಮ ಕೇಳಲೇ ಇಲ್ಲ' ಎನ್ನಬಾರದೆಂದು ನಿನ್ನೆ ಜೋಯಿಸರ ಮನೆಗೆ ಹೋಗಿಬಂದೆ.

ಅವರಿಗೆ ಈಗ ಕಣ್ಣು ಮಂಜು. ಜಾತಕವನ್ನು ಮೂಗಿಗೆ ಒತ್ತಿಕೊಂಡು ಓದುತ್ತಾರೆ. ನನ್ನ ದನಿ ಕೇಳಿದ ತಕ್ಷಣ, 'ಓ, ಕನ್ನಡಿ ಅಂಗಡಿ ತಾಯಿ! ಬನ್ನಿ, ಹೇಳಿ ಅಂತ ನಾನು ಅನ್ನೋದೇ ಬೇಡ, ಹೇಗೂ ಹೇಳ್ತೀರಿ' ಎಂದರು. ವಯಸ್ಸಾದವರೆಂದು ಸುಮ್ಮನಾದೆ.

ವಿಷಯ ಇಟ್ಟೆ. ಹನ್ನೆರಡನೇ ಮನೆಯ ಬುಧ, ಅಸ್ತ, ಅಂಥವಳು ಪಾಠ ಹೇಳಲು ಹೋಗುವುದು ಸಾಧ್ಯವೇ, ನೀವೇ ಒಂದು ಮಾತಿನಲ್ಲಿ ಹೇಳಿಬಿಡಿ ಎಂದೆ.

'ಒಂದು ಮಾತಲ್ಲಿ ಹೇಳೋಕೆ ಇದೇನು ತಕ್ಕಡಿನಾ ತಾಯಿ?' ಎಂದರು. 'ಹನ್ನೆರಡನೇ ಮನೆ ಅಂದ್ರೆ ಸೆರೆಮನೆನೂ ಹೌದು, ಪರಸ್ಥಳಾನೂ ಹೌದು. ಹಾಸಿಗೆನೂ ಹೌದು, ಬಿಡುಗಡೆನೂ ಹೌದು. ಬುಧ ಅಲ್ಲಿ ಕೂತಿದ್ದಾನೆ ಅಂತ ನಾನು ಹೇಳಬಲ್ಲೆ. ಆ ಮನೆಗೆ ಬೀಗ ಹಾಕ್ತೀರೋ ಕಿಟಕಿ ಇಡ್ತೀರೋ, ಅದು ಮನೆಯವರಿಗೆ ಬಿಟ್ಟಿದ್ದು.'

'ಆವತ್ತು ನಷ್ಟ ಅಂತ ಬರ್ಕೊಟ್ಟಿದ್ದವರು ನೀವೇ' ಎಂದೆ.

'ಬರ್ಕೊಟ್ಟೆ. ಮಗುಗೆ ಬರೆಯೋ ಅಭ್ಯಾಸ ಮಾಡ್ಸಿ, ಮಾತಿಗೆ ಅದು ಊರುಗೋಲಾಗುತ್ತೆ ಅಂತಾನೂ ಬರ್ದಿದ್ದೆ. ಕಾಲು ತೆಗೆದು ಊರುಗೋಲು ಕೊಡಿ ಅಂದಿರಲಿಲ್ಲ.'

ಹೀಗೆ ಮಾತು ಹಿಂದೆ ಮುಂದೆ ಮಾಡುವವರನ್ನು ನಾನು ಮೆಚ್ಚುವುದಿಲ್ಲ. ಹೊರಟು ನಿಂತೆ. ಆಗ ಕೇಳಿದರು, 'ಈಗ ಹೇಗೆ ಮಾತಾಡ್ತಾಳೆ ಮಗು? ತೊದಲ್ತಾಳಾ, ನಿಧಾನವಾ, ಜೋರಾ?'

'ಚೆನ್ನಾಗಿ ಬರೀತಾಳೆ' ಎಂದೆ.

'ಅದಲ್ಲ ತಾಯಿ, ಮಾತು.'

ಬಸ್ಸಿಗೆ ಹೊತ್ತಾಯಿತೆಂದು ಬಂದುಬಿಟ್ಟೆ. ದಾರಿಯಲ್ಲಿ ಯೋಚಿಸಿದೆ. ನಿನ್ನ ಅಕ್ಷರ ನನಗೆ ಕತ್ತಲೆಯಲ್ಲೂ ಗುರುತು ಸಿಗುತ್ತದೆ. ಹಿಂದೆ ವಾಲಿದ ಅಕ್ಷರ, ಸಾಲಿನ ಕೊನೆಗೆ ಬರುತ್ತಾ ಸಣ್ಣದಾಗುತ್ತದೆ. ದನಿಯ ವಿಷಯಕ್ಕೆ ಬಂದರೆ ನೆನಪಾದದ್ದು ಮೂಗು ಸೊಟ್ಟ ಎಂದ ಆ ಮಾತು ಒಂದೇ.

ಅದೇನೇ ಇರಲಿ. ಜೋಯಿಸರಿಗೇ ಖಚಿತವಿಲ್ಲದ ಮೇಲೆ ನಾನು ಮಗಳನ್ನು ಪಣಕ್ಕೆ ಇಡುವವಳಲ್ಲ. ನನ್ನ ಉತ್ತರ ಬದಲಾಗಿಲ್ಲ.

ಅಮ್ಮ


ಜುಲೈ 19

ಅಮ್ಮನಿಗೆ,

ಹೆಡ್ ಮೇಡಂ ಬರುವ ಗುರುವಾರ ಮಧ್ಯಾಹ್ನ ಅಂಗಡಿಗೆ ಬರುತ್ತಾರೆ. ಶಾಲೆ ಶುರುವಾಗುವ ಮುಂಚೆ ಅವರಿಗೆ ಕೊನೆಯ ಉತ್ತರ ಬೇಕು. ಇನ್ನೊಬ್ಬರನ್ನೂ ನೋಡಿಟ್ಟಿದ್ದಾರಂತೆ. ಅವತ್ತು ತಪ್ಪಿದರೆ ತಪ್ಪಿತು.

ನಿಮ್ಮನ್ನು ಒಂದೇ ಒಂದು ಕೇಳುತ್ತೇನೆ. ಅವರು ನನ್ನನ್ನು ಕೇಳಿದಾಗ ನೀವು ಉತ್ತರ ಕೊಡಬೇಡಿ. ನಾನೇ ಹೇಳುತ್ತೇನೆ. ಇಲ್ಲ ಎಂದು ನನ್ನ ಬಾಯಿಂದ ಬಂದರೆ ಇಲ್ಲೇ ಇರುತ್ತೇನೆ, ಇನ್ನು ಎಂದೂ ಈ ವಿಷಯ ಎತ್ತುವುದಿಲ್ಲ. ಹೂಂ ಎಂದು ಬಂದರೆ ನೀವು ತಡೆಯಬಾರದು. ಯಾವುದು ಬಂದರೂ ಅದು ನನ್ನದಾಗಿರಬೇಕು.

ಯಾವುದು ಬರುತ್ತದೆ ಎಂದು ಕೇಳಬೇಡಿ. ನಿಜವಾಗಿ ನನಗೂ ಗೊತ್ತಿಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು. ಬರೆಯುವಾಗ ಎರಡೂ ಸರಿಯಾಗಿಯೇ ಕಾಣುತ್ತವೆ.

ನಿಮ್ಮ ಮಗಳು


ಜುಲೈ 20

ಮಗಳಿಗೆ,

ಇಷ್ಟು ಗಟ್ಟಿಯಾಗಿ ನೀನು ಎಂದೂ ಬರೆದಿರಲಿಲ್ಲ. ಆಗಲಿ. ಗುರುವಾರ ನನ್ನ ಬಾಯಿಗೆ ಬೀಗ. ಕೊಟ್ಟ ಮಾತಿಗೆ ತಪ್ಪಿದವಳಲ್ಲ ನಾನು.

ಆ ನೀಲಿ ಸೀರೆ ಉಟ್ಟುಕೋ. ಗಾಜಿನ ಪುಡಿ ಮೆತ್ತಿದ ಕೆಲಸದ ಸೀರೆಯಲ್ಲಿ ನಿಲ್ಲಬೇಡ.

ಅಮ್ಮ


ಜುಲೈ 26

ಮಗಳಿಗೆ,

ನಿನ್ನೆ ಹೆಡ್ ಮೇಡಂ ಹೋದ ಕೂಡಲೇ ನೀನು ಮೇಲೆ ಹೋದವಳು ಊಟಕ್ಕೂ ಇಳಿಯಲಿಲ್ಲ. ಸಂತೋಷಕ್ಕೂ ಕೆಲವರಿಗೆ ಹಸಿವಾಗುವುದಿಲ್ಲ ಎಂದುಕೊಂಡೆ. ಆದರೆ ಬೆಳಿಗ್ಗೆ ನಿನ್ನ ಮುಖದಲ್ಲಿ ಸಂತೋಷ ಕಾಣಲಿಲ್ಲ. ಅದಕ್ಕೆ ನಡೆದದ್ದನ್ನು ನನ್ನ ಕಡೆಯಿಂದ ಬರೆಯುತ್ತೇನೆ.

ನಾನು ಸುಮ್ಮನೆ ಕೂತಿದ್ದೆ. ಸುಮ್ಮನೆ ಕೂರುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಆ ಹೆಂಗಸು ಒಳ್ಳೆಯವಳು, ಚಪ್ಪಲಿ ಹೊರಗೆ ಬಿಟ್ಟು ಗಾಜುಗಳ ನಡುವೆ ಹುಷಾರಾಗಿ ಬಂದಳು. 'ಅಮ್ಮಾ, ನಿಮ್ಮ ಮಗಳನ್ನ ಕಳಿಸ್ಕೊಡ್ತೀರಾ?' ಎಂದಳು. ನಾನು ನಿನ್ನ ಕಡೆ ಕೈ ತೋರಿಸಿದೆ. ಚಿಕ್ಕಮ್ಮ ಬಾಗಿಲಲ್ಲಿ ನಿಂತಿದ್ದವಳು, 'ಅಯ್ಯೋ, ಅಕ್ಕ ಸುಮ್ಮನಿದ್ದಾಳೆ, ಯಾರಾದ್ರೂ ಡಾಕ್ಟರನ್ನ ಕರೀರಿ' ಎಂದಳು. ಆಗಲೂ ಬಾಯಿ ಬಿಡಲಿಲ್ಲ.

ಹೆಡ್ ಮೇಡಂ ನಿನ್ನ ಕಡೆ ತಿರುಗಿ, 'ಹೇಳಿ, ಬರ್ತೀರಾ?' ಎಂದರು.

ನೀನು ನಿಂತೆ. ಹೊರಗೆ ಒಂದು ಲಾರಿ ಹೋಯಿತು, ಗಾಜುಗಳೆಲ್ಲ ಸಣ್ಣಗೆ ಗಲಗಲ ಎಂದವು, ಮತ್ತೆ ಸುಮ್ಮನಾದವು. ನೀನು ನಿಂತೇ ಇದ್ದೆ. ಆ ಹೆಂಗಸಿನ ಮುಖದಲ್ಲಿ ಒಂದು ನಗು ಇತ್ತಲ್ಲ, ಅದು ನಿಧಾನವಾಗಿ ಕರಗಿ ಅನುಮಾನವಾಗತೊಡಗಿತು. ಈ ಹುಡುಗಿಗೆ ಮಾತು ಬರುತ್ತದೋ ಇಲ್ಲವೋ, ತರಗತಿಯಲ್ಲಿ ಹೀಗೇ ನಿಂತರೆ ಗತಿಯೇನು ಎಂದು ಅವಳು ಲೆಕ್ಕ ಹಾಕುವುದನ್ನು ನಾನು ಕಣ್ಣಾರೆ ಕಂಡೆ. ನನ್ನ ಮಗಳನ್ನು ಯಾರೋ ಒಬ್ಬಳು ಹಾಗೆ ನೋಡುವುದನ್ನು ನಾನು ಸಹಿಸುವುದಿಲ್ಲ. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಅವಳು 'ಇರಲಿ ಬಿಡಿ' ಎಂದು ಎದ್ದು ಹೋಗುತ್ತಿದ್ದಳು.

'ಬರ್ತಾಳೆ' ಎಂದೆ.

ನನಗೇ ಬೇಡವಾಗಿದ್ದ ಮಾತನ್ನು ನಿನಗಾಗಿ ಹೇಳಿದೆ. ಈ ಅಂಗಡಿಯ ಗಾಜನ್ನು ನಾಳೆ ಯಾರು ಕತ್ತರಿಸುತ್ತಾರೆಂದು ಯೋಚಿಸದೆ ಹೇಳಿದೆ. ನೀನು ಬಯಸಿದ್ದು ಸಿಕ್ಕಿತು. ಮತ್ತೆ ಈ ಮುಖವೇಕೆ?

ಅಮ್ಮ


ಜುಲೈ 27

ಅಮ್ಮನಿಗೆ,

ನಿಮ್ಮ ಕುರ್ಚಿಯ ಹಿಂದೆ ಆಳೆತ್ತರದ ಕನ್ನಡಿ ಇತ್ತು. ಅದರಲ್ಲಿ ನಾನು ನನ್ನನ್ನೇ ನೋಡುತ್ತಿದ್ದೆ. ನನ್ನ ಬಾಯಿ ತೆರೆದಿತ್ತು, ಅಮ್ಮ. ನೀವು ಹೆಡ್ ಮೇಡಂ ಮುಖ ನೋಡುತ್ತಿದ್ದಿರಿ, ಆದ್ದರಿಂದ ಕಾಣಲಿಲ್ಲ. ಉಸಿರು ತೆಗೆದುಕೊಂಡಿದ್ದೆ. ತುಟಿ ಅಲುಗಿತು.

ನೀವು 'ಬರ್ತಾಳೆ' ಎಂದಿರಿ. ಕನ್ನಡಿಯಲ್ಲಿ ಬಾಯಿ ಮುಚ್ಚಿತು.

ಹೋಗುತ್ತೇನೆ. ನೀವು ಹೇಳಿದ್ದೀರಲ್ಲ.

ನಿಮ್ಮ ಮಗಳು


ಅಕ್ಟೋಬರ್ 8

ಕೈಕಸುಬಿನ ಶಾಲೆಯ ವಸತಿಯಲ್ಲಿರುವ ಮಗಳಿಗೆ,

ನೀನು ಹೋದ ಮೇಲೆ ಇದು ನನ್ನ ನಾಲ್ಕನೆಯ ಕಾಗದ. ಮೂರಕ್ಕೂ ನಿನ್ನ ಉತ್ತರ ಬಂದಿದೆ: ಕ್ಷೇಮ, ಕೋಣೆಗೆ ಬೆಳಕು ಚೆನ್ನಾಗಿ ಬರುತ್ತದೆ, ಮಕ್ಕಳು ಚುರುಕು, ಕೈ ಕೊಯ್ದುಕೊಳ್ಳುತ್ತಾರೆ, ಕಲಿಯುತ್ತಾರೆ. ಓದಿದರೆ ಸರ್ಕಾರಿ ಕಾಗದ ಓದಿದ ಹಾಗಾಗುತ್ತದೆ. ಗೂಡಿನಲ್ಲಿ ಇಡುತ್ತಿದ್ದ ಕಾಗದಗಳಲ್ಲಿ ಜಗಳವಾದರೂ ಇರುತ್ತಿತ್ತು.

ಹೋದ ಭಾನುವಾರ ನೀನು ಬಂದದ್ದರ ಬಗ್ಗೆ ಬರೆಯಬೇಕು. ನಿನ್ನನ್ನು ಎದುರಿಗೆ ಕೂರಿಸಿಕೊಂಡು, ಕಾಗದ ಬೇಡ, ಬಾಯಲ್ಲೇ ಕೇಳೋಣ ಎಂದು ಎಷ್ಟು ದಿನದಿಂದ ಇಟ್ಟುಕೊಂಡಿದ್ದೆ. 'ಊಟ ಚೆನ್ನಾಗಿರುತ್ತಾ? ಎಲ್ಲಿರುತ್ತೆ, ಹಾಸ್ಟೆಲ್ ಊಟ. ಮಕ್ಕಳು ಮಾತು ಕೇಳ್ತಾರಾ? ಈಗಿನ ಮಕ್ಕಳು ಯಾರ ಮಾತು ಕೇಳ್ತಾವೆ. ಇಳಿದುಹೋಗಿದ್ದೀಯ. ಇಲ್ಲ, ಬಿಸಿಲಿಗೆ ಹಾಗೆ ಕಾಣುತ್ತೆ' ಎಂದು ಕೇಳುತ್ತಾ ಹೋದೆ. ಚಿಕ್ಕಮ್ಮ ಪಕ್ಕದಲ್ಲಿ ಕೂತಿದ್ದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. 'ಅಕ್ಕಾ, ನೀನೇ ಕೇಳು, ನೀನೇ ಹೇಳು. ಈ ಹುಡುಗಿ ಬಸ್‌ ಚಾರ್ಜು ಕೊಟ್ಕೊಂಡು ಯಾಕೆ ಬಂತೋ!' ಅವಳು ನಕ್ಕ ಮೇಲೇ ನನಗೆ ಗೊತ್ತಾಯಿತು. ಆಮೇಲೆ ಬಾಯಿ ಮುಚ್ಚಿ ಕೂತೆ. ನೀನೂ ಕೂತೆ. ನಿನ್ನ ಬಸ್ಸಿನ ಹೊತ್ತಾಯಿತು.

ನೀನು ಹೋದ ಮೇಲೆ ಜೋಯಿಸರ ಹತ್ತಿರ ಹೋಗಿದ್ದೆ, ಈ ಸಲ ನನ್ನ ಜಾತಕ ಹಿಡಿದುಕೊಂಡು. ಅಸ್ತನಾದ ಬುಧನಿಗೆ ಪರಿಹಾರ ಇರುವ ಹಾಗೆ ಉಚ್ಚನಾದ ಬುಧನಿಗೂ ಏನಾದರೂ ಇದೆಯೇ ಎಂದು ಕೇಳಿದೆ. ಅವರು ಬಹಳ ಹೊತ್ತು ನಕ್ಕರು. 'ಇಷ್ಟು ವರ್ಷದಲ್ಲಿ ಇದನ್ನ ಯಾರೂ ಕೇಳಿಲ್ಲ ತಾಯಿ. ಕೆಳಗೆ ಬಿದ್ದ ಗ್ರಹವನ್ನ ಎತ್ತೋಕೆ ದಾರಿ ಬರೆದಿಟ್ಟಿದ್ದಾರೆ. ಮೇಲೆ ಕೂತಿರೋದನ್ನ ಇಳಿಸೋಕೆ ಯಾರೂ ಬರೆದಿಲ್ಲ.' ಅಷ್ಟೇ ಹೇಳಿದರು.

ಆದ್ದರಿಂದ ಕಾಗದದಲ್ಲೇ ಕೇಳುತ್ತೇನೆ. ಇಲ್ಲಿ ನನ್ನ ನಾಲಿಗೆ ನಡುವೆ ಬರುವುದಿಲ್ಲ. ಅವತ್ತು ಬಾಯಿ ತೆರೆದಿದ್ದೆ ಎಂದು ನೀನು ಬರೆದಿದ್ದೆ. ಏನು ಹೇಳಲಿದ್ದೆ? ಹೂಂ ಎಂದೋ, ಇಲ್ಲ ಎಂದೋ?

ಈ ಜಾಗದಲ್ಲಿ ನಾನೇ ಒಂದು ಉತ್ತರ ಬರೆದಿದ್ದೆ. ಹೊಡೆದು ಹಾಕಿದ್ದೇನೆ.

ಅಮ್ಮ


ಅಕ್ಟೋಬರ್ 29

ಅಮ್ಮನಿಗೆ,

ನಿಮ್ಮ ಪ್ರಶ್ನೆಯನ್ನು ದಿನವೂ ಓದುತ್ತಿದ್ದೇನೆ. ಉತ್ತರ ಗೊತ್ತಿದ್ದರೆ ಅವತ್ತೇ ಬರೆಯುತ್ತಿದ್ದೆ.

ಇಲ್ಲಿ ಬಂದ ಮೇಲೆ ಒಂದು ತಿಳಿಯಿತು. ತರಗತಿಯಲ್ಲಿ ಮಕ್ಕಳು ಏನೋ ಕೇಳುತ್ತಾರೆ. ಬಾಯಿ ತೆರೆಯುವ ಮುಂಚೆ ನನ್ನ ತಲೆಯಲ್ಲಿ ಏನೂ ಇರುವುದಿಲ್ಲ. ಹೇಳುತ್ತಾ ಹೇಳುತ್ತಾ, ಓ, ನಾನು ಹೀಗೆ ಯೋಚಿಸುತ್ತೇನಾ ಎಂದು ನನಗೇ ಗೊತ್ತಾಗುತ್ತದೆ. ಬೇರೆಯವರೆಲ್ಲ ಯೋಚಿಸಿ ಮಾತಾಡುತ್ತಾರೋ ಏನೋ. ನನಗೆ ಮಾತಾಡಿದ ಮೇಲೆಯೇ ಯೋಚನೆ ಕಾಣುವುದು. ಜೋಯಿಸರ ಭಾಷೆಯಲ್ಲಿ ಇದಕ್ಕೆ ಏನನ್ನುತ್ತಾರೋ ಕೇಳಿ.

ಹಾಗಾಗಿ ಅವತ್ತು ಏನು ಬರುತ್ತಿತ್ತೆಂದು ನನಗೆ ಎಂದೂ ಗೊತ್ತಾಗುವುದಿಲ್ಲ. ಇಲ್ಲಿ ಸುಖವಾಗಿಯೇ ಇದ್ದೇನೆ. ಆದರೆ ಸಂಜೆ ಕೋಣೆಗೆ ಬಂದು ಬಾಗಿಲು ಹಾಕಿದಾಗ, ಇಲ್ಲಿಗೆ ಬಂದವಳು ನಾನೋ ನಿಮ್ಮ ಮಾತೋ ಎಂದು ಅನುಮಾನ ಬರುತ್ತದೆ. ಇಲ್ಲೇ ಉಳಿದರೆ ನೀವು ಹೇಳಿದ್ದಕ್ಕೆ ಉಳಿದ ಹಾಗೆ. ಬಿಟ್ಟು ಬಂದರೆ ನೀವು ನಂಬಿದ ನನ್ನ ಜಾತಕವನ್ನು ನಿಜ ಮಾಡಿದ ಹಾಗೆ.

ಭಾನುವಾರಗಳಲ್ಲಿ ಸದ್ಯ ಬರಲಾಗುವುದಿಲ್ಲ. ಎಲ್ಲರ ಹತ್ತಿರ ಮಾತಾಡಬಲ್ಲೆ, ಅಮ್ಮ. ನಿಮ್ಮ ಎದುರು ಕೂತರೆ ನೀವು ಮುಗಿಸುವುದನ್ನೇ ಕಾಯುತ್ತೇನೆ.

ನಿಮ್ಮ ಮಗಳು


ಡಿಸೆಂಬರ್ 11

ಮಗಳಿಗೆ,

ನಿನ್ನೆ ಮಧ್ಯಾಹ್ನ ನಿಮ್ಮ ಶಾಲೆಗೆ ಒಂದು ಫೋನ್ ಬಂದಿತ್ತಲ್ಲ, ಅದು ನಾನು.

ಯಾರೋ ಎತ್ತಿದರು. 'ಗಾಜಿನ ಮೇಡಂ ಬೇಕು' ಎಂದೆ. ನಿನ್ನನ್ನು ಅಲ್ಲಿ ಹಾಗೆ ಕರೆಯುತ್ತಾರೆಂದು ಹೆಡ್ ಮೇಡಂ ಹೇಳಿದ್ದು ನೆನಪಿತ್ತು. ಅವರು ನಿನ್ನನ್ನು ಕರೆಯಲು ಹೋದರು. ಫೋನಿನಲ್ಲಿ ನಿಮ್ಮ ಕೆಲಸದ ಕೋಣೆಯೆಲ್ಲ ಕೇಳುತ್ತಿತ್ತು. ಯಾರೋ ನಗುತ್ತಿದ್ದರು. ಎಲ್ಲದರ ಮೇಲೆ ಒಂದು ದನಿ: 'ಏ, ಅದನ್ನ ಅಲ್ಲಿ ಇಡಬೇಡ್ರೋ, ಕಾಲಿಗೆ ಚಪ್ಪಲಿ ಹಾಕ್ಕೊಳ್ಳಿ ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ!' ಯಾರೋ ಗಟ್ಟಿಗಿತ್ತಿ ಎಂದುಕೊಂಡೆ. ಆ ದನಿಯೇ ಹತ್ತಿರ ಬಂದು 'ಹಲೋ' ಎಂದಿತು.

ಸ್ವಲ್ಪ ಒಡಕು ದನಿ ನಿನ್ನದು. ನಿನ್ನ ಅಪ್ಪನಿಗೂ ಹಾಗೇ ಇತ್ತು. ಸಾಲಿನ ಕೊನೆಯಲ್ಲಿ ಸಣ್ಣದಾಗುವುದಿಲ್ಲ, ಏರುತ್ತದೆ.

ನೀನು 'ಯಾರು?' ಎಂದೆ. ನಾನು ಬಾಯಿ ತೆರೆದೆ. 'ನಾನು, ಅಮ್ಮ' ಎಂದರೆ ನೀನು ಸುಮ್ಮನಾಗಿಬಿಡುತ್ತೀಯ ಎಂದು ಗೊತ್ತಿತ್ತು. ಆಮೇಲೆ ನಾನೇ ಮಾತಾಡಬೇಕು, ನಾನೇ ಮುಗಿಸಬೇಕು. ನೀನೇ ಮತ್ತೆ, 'ಹಲೋ, ಕೇಳಿಸ್ತಾ ಇದೆಯಾ? ಯಾರು ಮಾತಾಡೋದು? ಹೇಳಿ, ಪರವಾಗಿಲ್ಲ, ನಿಧಾನವಾಗಿ ಹೇಳಿ' ಎಂದೆ. ಯಾರೋ ಅಂಜಿದ ಮಗುವಿನ ತಾಯಿಯೋ ಏನೋ ಎಂದುಕೊಂಡಿರಬೇಕು ನೀನು. ಅಷ್ಟು ಮೆತ್ತಗೆ ನನ್ನ ಹತ್ತಿರ ಯಾರೂ ಮಾತಾಡಿ ಬಹಳ ಕಾಲವಾಯಿತು. ಈ ನಾಲಿಗೆಯಿಂದ ಊರನ್ನೇ ಆಳಿದವಳು ಒಂದು ಅಕ್ಷರ ಹೊರಡಿಸಲಾರದೆ ಕೂತಿದ್ದೆ. ಚಿಕ್ಕಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಅವಳೂ ನಗಲಿಲ್ಲ.

ನೀನು ಸ್ವಲ್ಪ ಹೊತ್ತು ಕಾದು ಫೋನ್ ಇಟ್ಟೆ.

ಈ ಕಾಗದ ನಿನಗೆ ತಲುಪುವ ಹೊತ್ತಿಗೆ ಮತ್ತೆ ಮಾಡುತ್ತೇನೆ. ಇನ್ನೊಮ್ಮೆ ಫೋನ್ ಬಂದು ಆ ಕಡೆಯವರು ಸುಮ್ಮನಿದ್ದರೆ ಇಟ್ಟುಬಿಡಬೇಡ. ಏನು ಬಾಯಿಗೆ ಬರುತ್ತದೋ ಅದನ್ನೇ ಮಾತಾಡುತ್ತಾ ಇರು.

ಅಮ್ಮ